ಗಾಜಿನೊಳಗೆ ಹರಳು ಬೆಳೆದರೂ ಬೆಳಕು ಹಾಯುವುದು ಹೇಗೆ? ವಿರಳ ಭೂ ಧಾತುಗಳ ಕೈಚಳಕ

ಪುಣೆ: ಅನೇಕ ಇಂಡಕ್ಷನ್ ಒಲೆಗಳ ಮೇಲಿನ ನುಣುಪಾದ ಹಲಗೆ ನೋಡಲು ಗಾಜಿನಂತೆಯೇ ಇರುತ್ತದೆ. ಆದರೆ ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳಿವೆ. ಇದೇ ಗ್ಲಾಸ್-ಸೆರಾಮಿಕ್. ಇದಕ್ಕೆ ಅರ್ಬಿಯಂ, ಇಟರ್ಬಿಯಂನಂತಹ ವಿರಳ ಭೂ ಧಾತುಗಳನ್ನು ಸೇರಿಸಿದರೆ ಲೇಸರ್ ಮತ್ತು ದೂರಸಂಪರ್ಕ ಸಾಧನಗಳಿಗೆ ಬೇಕಾದ, ಬೆಳಕು ಚೆಲ್ಲುವ ಗಾಜು ಸಿಗುತ್ತದೆ.

ಕುಲುಮೆಯ ಎಡವಟ್ಟು

1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡೊಂದನ್ನು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಲು ಇಟ್ಟಿದ್ದರು. ಕುಲುಮೆ ಕೆಟ್ಟು ಶಾಖ 900 ಡಿಗ್ರಿಗೆ ಏರಿತು. ಗಾಜು ಕರಗುವ ಬದಲು ಬಿಳಿಯಾಗಿತ್ತು. ಹೊರತೆಗೆಯುವಾಗ ಜಾರಿ ಬಿದ್ದರೂ ಒಡೆಯಲಿಲ್ಲ! ಗ್ಲಾಸ್-ಸೆರಾಮಿಕ್ ಹುಟ್ಟಿದ್ದು ಹೀಗೆ.

ಪಾರದರ್ಶಕತೆಯ ಗುಟ್ಟು

ಕರಗಿದ ಗಾಜನ್ನು ಬೇಗನೆ ತಣಿಸಿದಾಗ ಅಣುಗಳಿಗೆ ಸಾಲಾಗಿ ಜೋಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಅದನ್ನೇ ಮತ್ತೆ ಹದವಾಗಿ ಕಾಯಿಸಿದರೆ ಮೊದಲು ಹರಳಿನ ಬೀಜಗಳು ಮೂಡಿ, ನಂತರ ಬೆಳೆಯುತ್ತವೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಹರಳುಗಳು ಕೆಲವು ಹತ್ತು ನ್ಯಾನೋಮೀಟರ್‌ಗಿಂತ ದೊಡ್ಡದಾಗದಿದ್ದರೆ ಬೆಳಕು ಹೆಚ್ಚು ಚದುರದೆ ಹಾದು ಹೋಗುತ್ತದೆ. ಶಾಖ ಅಥವಾ ಸಮಯ ಮಿತಿಮೀರಿದರೆ ಗಾಜು ಹಾಲಿನಂತೆ ಮಸುಕಾಗುತ್ತದೆ. ಹರಳು ಮೂಡಿದೆಯೇ, ಎಷ್ಟು ಬೆಳೆದಿದೆ ಎಂಬುದನ್ನು ಎಕ್ಸ್-ರೇ ವಿವರ್ತನೆಯಿಂದ ಅಳೆಯುತ್ತಾರೆ.

ಬಣ್ಣ ಬದಲಿಸುವ ಬೆಳಕು

ಸಾಮಾನ್ಯ ಸಿಲಿಕಾ ಗಾಜಿನಲ್ಲಿ ಅಣುಗಳ ಕಂಪನ ಜೋರಾಗಿರುತ್ತದೆ. ಹಾಗಾಗಿ ಅರ್ಬಿಯಂ ಹೀರಿದ ಶಕ್ತಿಯಲ್ಲಿ ಒಂದಷ್ಟು ಪಾಲು ಶಾಖವಾಗಿ ಪೋಲಾಗುತ್ತದೆ. ಫ್ಲೋರೈಡ್ ಹರಳಿನಲ್ಲಿ ಈ ಪೋಲು ಕಡಿಮೆ. 1993ರಲ್ಲಿ ಜಪಾನಿನ ಸಂಶೋಧಕರು ಗಾಜಿನೊಳಗೇ ಫ್ಲೋರೈಡ್ ಹರಳು ಬೆಳೆಸಿ, ಅರ್ಬಿಯಂ ಮತ್ತು ಇಟರ್ಬಿಯಂ ಅದರೊಳಗೆ ಸೇರುವಂತೆ ಮಾಡಿದರು. 980 ನ್ಯಾನೋಮೀಟರ್‌ನ ಕಾಣದ ಅವಗೆಂಪು ಬೆಳಕನ್ನು ಇಟರ್ಬಿಯಂ ಹೀರಿ ಅರ್ಬಿಯಂಗೆ ದಾಟಿಸುತ್ತದೆ. ಅರ್ಬಿಯಂ ಅದನ್ನು ಹಸಿರು ಮತ್ತು ಕೆಂಪು ಬೆಳಕಾಗಿ ಹೊರಸೂಸುತ್ತದೆ. ಗಾಜಿನ ಗಟ್ಟಿತನ, ಹರಳಿನ ಬೆಳಕು ಎರಡೂ ಒಂದರಲ್ಲೇ ಸಿಕ್ಕಂತಾಯಿತು. ಆದರೆ ಧಾತುವಿನ ಪ್ರಮಾಣ ಹೆಚ್ಚಾದರೆ ಅಯಾನುಗಳು ಪರಸ್ಪರ ಶಕ್ತಿ ಕಸಿದುಕೊಂಡು ಬೆಳಕು ಮಂಕಾಗುತ್ತದೆ.

ಪುಣೆಯ ನಂಟು

ಕೋಥರೂಡದಿಂದ ಕೆಲವೇ ಕಿ.ಮೀ. ದೂರದಲ್ಲಿ, ಪಾಷಾಣ ರಸ್ತೆಯ ಬಳಿ, ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ವಸ್ತುಗಳ ಸಂಶೋಧನಾ ಕೇಂದ್ರ ಸಿ-ಮೆಟ್ ಇದೆ. ಇಲ್ಲಿನ ವಿಜ್ಞಾನಿಗಳು ಗಾಜಿನೊಳಗೆ ಕ್ಯಾಡ್ಮಿಯಂ ಸಲ್ಫೈಡ್‌ನ ನ್ಯಾನೋ ಹರಳುಗಳನ್ನು ಬೆಳೆಸಿ, ಸೂರ್ಯನ ಬೆಳಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲದಿಂದ ಹೈಡ್ರೋಜನ್ ಪಡೆಯುವ ದಾರಿ ತೋರಿಸಿದ್ದಾರೆ. ಧಾತು ಬೇರೆಯಾದರೂ ಗಾಜನ್ನು ಕಾಯಿಸಿ ಹರಳಿನ ಗಾತ್ರ ಹಿಡಿತದಲ್ಲಿಡುವ ವಿದ್ಯೆ ಅದೇ.

ಭಾರತಕ್ಕೆ ಏಕೆ ಮುಖ್ಯ?

ನಮ್ಮ ಕಡಲತೀರದ ಮೊನಜೈಟ್ ಮರಳಿನಲ್ಲಿ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂನಂತಹ ಹಗುರ ಧಾತುಗಳೇ ಹೆಚ್ಚು. ಅರ್ಬಿಯಂ, ಇಟರ್ಬಿಯಂ ಅತ್ಯಲ್ಪ. ಜಗತ್ತಿನ ಶುದ್ಧೀಕರಣದಲ್ಲಿ ಸಿಂಹಪಾಲು ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಆ ದೇಶ 7 ವಿರಳ ಭೂ ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಭಾರತದ ವಾಹನ ಉದ್ಯಮಕ್ಕೂ ಬಿಸಿ ತಟ್ಟಿತ್ತು. ಹಾಗಾಗಿ ಕಡಿಮೆ ಧಾತುವಿನಲ್ಲಿ ಹೆಚ್ಚು ಬೆಳಕು ಕೊಡುವ ಗಾಜು, ನಮ್ಮಲ್ಲೇ ಸಿಗುವ ನಿಯೋಡಿಮಿಯಂ ಬಳಸುವ ಗಾಜು ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ಆಮದಿನ ಅವಲಂಬನೆ ತಗ್ಗಿಸುವ ದಾರಿಯೂ ಹೌದು.