ಬಳ್ಳಾರಿ ಸೀಮೆಯ ಬಂಡೆಗಳ ಮೇಲೆ ಕಾಲ್ನಡಿಗೆ

ಕಡಲ ದಡದ ಎತ್ತರವಾದ ದಿಣ್ಣೆಗಳ ಅಂಚಿನಲ್ಲಿ ಕಾಲುದಾರಿ ಹಿಡಿದು ಗಂಟೆಗಟ್ಟಲೆ ನಡೆಯುವುದು ಪಾಶ್ಚಾತ್ಯ ದೇಶಗಳಲ್ಲಿ ಬಹು ಜನರಿಗೆ ಪ್ರಿಯವಾದ ವಿನೋದ. ನಮ್ಮ ನಾಡಿನಲ್ಲಿಯೂ ಗೋಕರ್ಣದ ಕುಡ್ಲೆಯಿಂದ ಓಂ ತೀರಕ್ಕೂ ಅಲ್ಲಿಂದ ಮುಂದಕ್ಕೂ ಅಂಥ ದಾರಿಯುಂಟು. ಒಂದು ಕಡೆ ಗಿಡಗಂಟಿ, ಇನ್ನೊಂದು ಕಡೆ ಕೆಳಗೆ ಅಲೆಗಳ ಸದ್ದು. ಬಳ್ಳಾರಿಯವರಿಗೆ ಆ ಭಾಗ್ಯವಿಲ್ಲವೆಂದು ನಮ್ಮ ವಿದ್ಯಾರ್ಥಿಗಳು ಆಗಾಗ ಕೊರಗುತ್ತಾರೆ. ಕಡಲು ಇಲ್ಲಿಗೆ ಸುಮಾರು 300 ಕಿಲೋಮೀಟರು ದೂರ, ಕೊರಗು ಸಹಜವೇ. ಆದರೆ ಅದು ಪೂರ್ತಿ ನ್ಯಾಯವಾದುದಲ್ಲ.

ಭೂವಿಜ್ಞಾನಿಗಳು ನಮ್ಮ ಗುಡ್ಡಗಳಂಥವನ್ನು ಇನ್ಸೆಲ್‌ಬರ್ಗ್ ಎಂಬ ಜರ್ಮನ್ ಮಾತಿನಿಂದ ಕರೆಯುತ್ತಾರೆ. ಅದಕ್ಕೆ ದ್ವೀಪದಂಥ ಬೆಟ್ಟವೆಂದು ಅರ್ಥ. ಎರೆಭೂಮಿಯ ಸಮತಟ್ಟಾದ ಬಯಲಿನಲ್ಲಿ ಒಮ್ಮೆಲೇ ತಲೆಯೆತ್ತಿ ನಿಂತ ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡ, ಕುರುಗೋಡಿನ ಮತ್ತು ತೆಕ್ಕಲಕೋಟೆಯ ಗುಡ್ಡಗಳನ್ನು ನೋಡಿದವರಿಗೆ ಈ ಹೆಸರು ಎಷ್ಟು ಸರಿಯೆಂದು ಬೇರೆ ಹೇಳಬೇಕಾಗಿಲ್ಲ. ಕೋಟೆಯಿರುವ ಬಳ್ಳಾರಿ ಗುಡ್ಡ ಬಯಲಿನಿಂದ ಸುಮಾರು 450 ಅಡಿ ಎತ್ತರ. ಮೇಲಿನ ಕೋಟೆ ವಿಜಯನಗರದ ಕಾಲದ ಹನುಮಪ್ಪ ನಾಯಕನದು. ಕೆಳಗಿನದು ಹೈದರಾಲಿಯ ಕಾಲದ್ದು. ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನು ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವೆಂಬುದನ್ನು ಗಮನಿಸದೆ ಹೋದುದರಿಂದ ಹೈದರನು ಅವನನ್ನು ಗಲ್ಲಿಗೇರಿಸಿದನೆಂದು ಐತಿಹ್ಯ. ನಿಜವೋ ಸುಳ್ಳೋ, ಅಳತೆಯ ತಪ್ಪಿಗೆ ಇಷ್ಟು ಕಠಿಣವಾಗಿ ಅಂಕಿ ಹಾಕಿದ ಪರೀಕ್ಷಕರು ನಮ್ಮ ವೃತ್ತಿಯಲ್ಲಿ ಯಾರೂ ಇಲ್ಲ.

ಈ ಗುಡ್ಡಗಳ ಮೇಲೆ ನಡೆಯಬೇಕೆನ್ನುವವರು ಮೊದಲು ಅವುಗಳ ಮೈಯನ್ನು ಅರಿಯಬೇಕು. ಈ ಕಲ್ಲು ಗ್ರಾನೈಟು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಬಹು ಆಳದಲ್ಲಿ ಕರಗಿದ ದ್ರವವು ತಣ್ಣಗಾಗಿ ಗಟ್ಟಿಯಾದುದು. ಮೇಲಿದ್ದ ನೆಲವೆಲ್ಲ ಯುಗಯುಗಗಳಲ್ಲಿ ಸವೆದುಹೋದಂತೆ ಅದರ ಮೇಲಣ ಭಾರ ಇಳಿಯಿತು. ಭಾರವಿಳಿದ ಬಂಡೆ ಹಿಗ್ಗಿ, ತನ್ನ ಮೈಗೆ ಸಮಾನಾಂತರವಾಗಿ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಂಡಿತು. ಅಡ್ಡವಾಗಿಯೂ ಉದ್ದವಾಗಿಯೂ ಬಿದ್ದ ಸೀಳುಗಳಲ್ಲಿ ನೀರು ಇಳಿದು ಮೂಲೆಗಳನ್ನು ತಿಂದುದರಿಂದ ಒಂದರ ಮೇಲೊಂದು ಕುಳಿತ ಉರುಟು ಗುಂಡುಗಳಾದುವು. ಸಮುದ್ರತೀರದ ದಿಣ್ಣೆಯನ್ನು ಅಲೆಗಳು ಬುಡದಿಂದ ಕೊರೆಯುತ್ತವೆ. ನಮ್ಮ ಬಂಡೆಯನ್ನು ಬಿಸಿಲು, ಮಳೆ ಮತ್ತು ಕಾಲ ಮೇಲಿನಿಂದ ಸುಲಿಯುತ್ತವೆ.

ನಡೆಯುವವನ ಪ್ರಾಣಕ್ಕೆ ಸಂಬಂಧಪಟ್ಟ ಭೇದ ಇಲ್ಲಿಯೇ ಇದೆ. ಕಡಲ ದಿಣ್ಣೆಯ ಅಂಚು ಕಣ್ಣಿಗೆ ಕಾಣುತ್ತದೆ. ಆದರೆ ಅದರ ಬುಡ ಟೊಳ್ಳಾಗಿರುವುದರಿಂದ ಕುಸಿಯಬಹುದು. ನಮ್ಮ ಬಂಡೆ ಕುಸಿಯುವುದು ಅಪರೂಪ. ಆದರೆ ಅದಕ್ಕೆ ಅಂಚೆಂಬುದೇ ಇಲ್ಲ. ಮಡಕೆಯ ಬೆನ್ನಿನಂತೆ ಉಬ್ಬಿದ ಹಾಸುಬಂಡೆಯ ಮೇಲೆ ಇಳಿಯುತ್ತ ಹೋದಂತೆ ಇಳಿಜಾರು ಅಂಗುಲ ಅಂಗುಲವಾಗಿ ಕಡಿದಾಗುತ್ತದೆ. ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯಷ್ಟೇ ಸುಲಭವೆಂದು ತೋರುತ್ತದೆ. ಕಾಲು ಹಿಡಿತ ಬಿಡುವ ಹೊತ್ತಿಗೆ ಹಿಂದಿರುಗುವ ಸ್ಥಳ ದಾಟಿಹೋಗಿರುತ್ತದೆ.

ನಮ್ಮ ಕಣ್ಣೆದುರಿಗೇ ಹೀಗಾದುದುಂಟು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಕುರುಗೋಡಿನ ಗುಡ್ಡಕ್ಕೆ ಹೋಗಿದ್ದೆವು. ತಪ್ಪು ನಮ್ಮದೇ. ಹೊರಟುದು ತಡವಾಗಿ, ಹತ್ತು ಗಂಟೆಯ ಮೇಲೆ. ತಂದ ನೀರು ಮೇಲೇರುವುದರಲ್ಲಿಯೇ ಮುಗಿದಿತ್ತು. ಇಳಿಯುವಾಗ ಒಬ್ಬ ಹುಡುಗ ಬಾಯಾರಿ, ಹತ್ತಿದ ದಾರಿ ಸುತ್ತೆಂದು ಬಗೆದು, ಊರು ಕಾಣುವ ಕಡೆಗೆ ಹಾಸುಬಂಡೆಯ ಮೇಲೆ ನೇರವಾಗಿ ಇಳಿದ. ನಡುವೆ ನಿಂತ, ಮೇಲೂ ಬರಲಾರ, ಕೆಳಗೂ ಹೋಗಲಾರ. ನಾವು ಮೇಲಿನಿಂದ ಕೂಗಿದ ಹಿತವಚನಗಳೆಲ್ಲ ಅವನ ನಡುಕವನ್ನು ಹೆಚ್ಚಿಸಿದುವೇ ಹೊರತು ಬೇರೆ ಪ್ರಯೋಜನವಾಗಲಿಲ್ಲ. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು, “ಕೆಳಗ ನೋಡಬ್ಯಾಡ ತಮ್ಮಾ. ಕುಂದ್ರು. ಅಂಗೈ ಊರಿ ಹಿಂದಕ್ಕ ಜರಗು,” ಎಂದ. “ಆಗವಲ್ದು ತಾತಾ,” ಎಂದು ಹುಡುಗ ಅತ್ತ. “ಆಗತೈತಿ, ನಾ ಇದೀನಿ,” ಎಂದು ಹೇಳಿ ಮುದುಕ ಬರಿಗಾಲಲ್ಲಿ ಅಡ್ಡಲಾಗಿ ನಡೆದುಹೋಗಿ, ಹುಲ್ಲು ಬೆಳೆದ ಒಂದು ಸೀಳಿನಲ್ಲಿ ಕಾಲೂರಿ ನಿಂತು, ತನ್ನ ಕೋಲನ್ನು ಚಾಚಿದ. ಹತ್ತು ನಿಮಿಷದಲ್ಲಿ ಹುಡುಗ ಮೇಲೆ ಬಂದ. ನಾವು ಕೊಡಹೋದ ಹಣವನ್ನು ಮುದುಕ ಮುಟ್ಟಲಿಲ್ಲ. “ನೀವು ದೊಡ್ಡೋರು ಮೊದಲ ಇಳೀಬೇಕಿತ್ತರೀ ಮೇಷ್ಟ್ರೆ,” ಎಂದಷ್ಟೇ ಹೇಳಿ ಕುರಿಗಳ ಕಡೆಗೆ ಹೋದ.

ಅಂದಿನಿಂದ ನಾವು ಮುಂದೆ ಇಳಿಯುತ್ತೇವೆ. ಹತ್ತಿದ ದಾರಿಯಲ್ಲಿಯೇ ಇಳಿಯುತ್ತೇವೆ. ಬಯಲು ಬಂಡೆಗಿಂತ ಮಣ್ಣು ನಿಂತು ಗಿಡ ಬೆಳೆದ ಸೀಳುಗಳ ಸಾಲನ್ನು ನಂಬುತ್ತೇವೆ. ಬಂಡೆಯ ಮೇಲೆ ಕಪ್ಪು ಪಟ್ಟೆಗಳು ಇಳಿದುಬಂದಿರುವುದನ್ನು ಎಲ್ಲರೂ ಕಂಡಿರಬಹುದು. ಅದು ಮಳೆನೀರು ಹರಿಯುವ ಜಾಡು; ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆದಿರುತ್ತದೆ. ಒಣಗಿದಾಗ ಅದು ನಿರಪಾಯಕರ. ನಾಲ್ಕು ಹನಿ ಬಿದ್ದರೆ ಸಾಬೂನಿನಂತೆ. ಇನ್ನೊಂದು ಮೋಸ, ಕಲ್ಲು ಸವೆದು ಉದುರಿದ ಗರಸು. ಹಾಸುಬಂಡೆಯ ಮೇಲೆ ಅದು ಚೆಲ್ಲಿದ ರಾಗಿಯ ಕಾಳಿನಂತೆ ಕಾಲ ಕೆಳಗೆ ಉರುಳುತ್ತದೆ.

ಬಿಸಿಲಿನ ವಿಷಯ ಬಳ್ಳಾರಿಯವರಿಗೆ ಹೇಳುವುದು ಉದ್ಧಟತನವಾದೀತು. ಆದರೂ ಹೊರಗಿನಿಂದ ಬರುವವರಿಗಾಗಿ ಹೇಳುತ್ತೇವೆ: ಬೇಸಿಗೆಯಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಬಂಡೆ ಗಾಳಿಗಿಂತಲೂ ಹೆಚ್ಚು ಕಾದಿರುತ್ತದೆ, ಸಂಜೆಯಾದರೂ ತಣಿಯುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಲ ಒಳ್ಳೆಯದು. ಗುಡ್ಡದ ದೊಣೆಗಳ ನೀರನ್ನು ನೋಡಿ ಸಂತೋಷಪಡಬಹುದು, ಕುಡಿಯಬಾರದು. ಚಾಚಿದ ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕೂಗಾಟ, ಕಲ್ಲೆಸೆತ ಒಂದೂ ಕೂಡದು. ಇಂಥ ಕಲ್ಲುಗುಡ್ಡಗಳೇ ಕರಡಿಗೆ ಮನೆ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಮಾಡಿದುದು ಅದಕ್ಕಾಗಿಯೇ. ಆದುದರಿಂದ ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಒಬ್ಬರೇ ಗವಿಗಳಲ್ಲಿ ಇಣುಕುವುದು ಜಾಣತನವಲ್ಲ.

ಕಾಲಿಗೆ ಬಂಡೆಯಿಂದ ಅಪಾಯವಿರುವಂತೆ ಬಂಡೆಗೂ ಕಾಲಿನಿಂದ ಅಪಾಯವುಂಟು. ಬಳ್ಳಾರಿಯ ಹೊರವಲಯದ ಸಂಗನಕಲ್ಲಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ಮನೆ ಮಾಡಿದ್ದರು. ಗ್ರಾನೈಟನ್ನು ಸೀಳಿಕೊಂಡು ಬಂದಿರುವ ಕರಿಯ ಡಾಲರೈಟ್ ಕಲ್ಲಿನಿಂದ ಅವರು ಕೊಡಲಿಗಳನ್ನು ಮಾಡುತ್ತಿದ್ದರು. ಅದೇ ಕರಿಗಲ್ಲಿನ ಗುಂಡುಗಳ ಮೇಲೆ ಗೂಳಿಗಳನ್ನೂ ಮನುಷ್ಯರನ್ನೂ ಕುಟ್ಟಿ ಕೊರೆದರು. ಅವುಗಳಲ್ಲಿ ಕೆಲವು ಗುಂಡುಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿಗೊಡುತ್ತವೆ. ಸೀಮೆಯ ಇನ್ನೊಂದು ಮಗ್ಗುಲಲ್ಲಿ ತೆಕ್ಕಲಕೋಟೆಯ ಗುಡ್ಡದ ಮೇಲೂ ಅದೇ ಕಾಲದ ವಸತಿಯಿದ್ದಿತೆಂದು 1963-64ರ ಉತ್ಖನನದಲ್ಲಿ ಎಂ. ಎಸ್. ನಾಗರಾಜರಾಯರು ತೋರಿಸಿಕೊಟ್ಟರು. ಸಂಗನಕಲ್ಲಿನ ಗುಡ್ಡಗಳಿಗೆ ಕಲ್ಲುಗಣಿಯವರಿಂದ ಆದ ಹಾನಿ ದೊಡ್ಡದು. ನಡೆಯಲು ಹೋದವರ ಹಾನಿ ಸಣ್ಣದಾದರೂ ಹಾನಿಯೇ: ನೆನಪಿಗೆಂದು ಜೇಬಿಗಿಳಿಸಿದ ಕಲ್ಲುಚಕ್ಕೆ, ಸುಣ್ಣದಲ್ಲಿ ಬರೆದ ಹೆಸರು. ಚಕ್ಕೆಯನ್ನು ನೋಡಬೇಕೆನ್ನುವವರಿಗೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟರ ಹೆಸರಿನ ಸಂಗ್ರಹಾಲಯವೇ ಇದೆ.

ಸಿರುಗುಪ್ಪದ ಕಡೆಯವರು ಈವರೆಗೆ ತಾಳ್ಮೆಯಿಂದ ಕೇಳಿದ್ದಾರೆ. ಅವರ ಊರಿನ ಸುತ್ತ ಬಂಡೆಗಿಂತ ಬತ್ತದ ಗದ್ದೆಯೇ ಹೆಚ್ಚು. ಆದರೆ ಕಡಲ ದಿಣ್ಣೆಗೆ ನಿಜವಾದ ದಾಯಾದಿ ಇರುವುದು ಅವರಲ್ಲಿಯೇ, ತುಂಗಭದ್ರೆಯ ಮಣ್ಣಿನ ದಡದಲ್ಲಿ. ಪ್ರವಾಹದ ನೀರು ಅಲೆಯಂತೆಯೇ ದಡವನ್ನು ಬುಡದಲ್ಲಿ ಕೊರೆಯುತ್ತದೆ. ಮೇಲಿನ ಮಣ್ಣು ಬೇರುಗಳ ಹಿಡಿತದಿಂದ ಸೂರಿನಂತೆ ಚಾಚಿ ನಿಂತಿರುತ್ತದೆ. ನೀರು ಏರಿದಾಗ ಜನ ಹೆದರಿ ದೂರವಿರುತ್ತಾರೆ, ಇಳಿದಾಗ ನೋಡಲು ಬರುತ್ತಾರೆ. ದಡ ಬೀಳುವುದು ಹೆಚ್ಚಾಗಿ ಇಳಿದಾಗಲೇ. ನೆನೆದು ಭಾರವಾದ ಮಣ್ಣಿಗೆ ಅದುವರೆಗೆ ಎದುರಿನಿಂದ ಒತ್ತಾಗಿ ನಿಂತಿದ್ದ ನೀರಿನ ಆಸರೆ ಆಗ ತಪ್ಪಿರುತ್ತದೆ. ಬೀಳುವ ಮುನ್ನ ಅಂಚಿಗೆ ಸಮಾನಾಂತರವಾಗಿ, ಒಂದೆರಡು ಮಾರು ಒಳಗೆ, ಹುಲ್ಲಿನ ನಡುವೆ ಕೂದಲೆಳೆಯಂಥ ಬಿರುಕೊಂದು ಅನೇಕ ವೇಳೆ ಮೂಡುತ್ತದೆ. ದಡದ ಮೇಲೆ ನಡೆಯುವವರು ನದಿಯನ್ನು ನೋಡುವುದಕ್ಕೆ ಮುಂಚೆ ಕಾಲ ಬುಡದಲ್ಲಿ ಆ ಬಿರುಕನ್ನು ಹುಡುಕಬೇಕು. ಕಂಡರೆ ಅದರಿಂದ ಹತ್ತು ಹೆಜ್ಜೆ ಗದ್ದೆಯ ಕಡೆಗೆ ಸರಿದು ನಡೆಯಬೇಕು.