ನಿದ್ರೆಯ ಮದ್ದೂ ರಕ್ತದ ಪೊಟ್ಯಾಸಿಯಮ್ಮೂ

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮಿದುಳು ಬಾತುಕೊಳ್ಳುವುದುಂಟು. ಕಾಲು ಬಾತರೆ ಚರ್ಮವು ಹಿಗ್ಗಿ ಎಡೆ ಕೊಡುತ್ತದೆ. ತಲೆಬುರುಡೆಯಾದರೋ ಹಾಗೆ ಹಿಗ್ಗಲಾರದು. ಒಳಗಿನ ಒತ್ತಡವೇರಿ, ಮಿದುಳಿಗೆ ಹರಿಯಬೇಕಾದ ರಕ್ತವೇ ಕುಂದುತ್ತದೆ. ಬೇರೆ ಉಪಾಯಗಳಿಂದ ಈ ಒತ್ತಡ ಇಳಿಯದಾಗ ವೈದ್ಯರು ಕೆಲವೊಮ್ಮೆ ಥಯೊಪೆಂಟಾಲ್ ಎಂಬ ಮದ್ದನ್ನು ರಕ್ತನಾಳದಲ್ಲಿ ಸತತವಾಗಿ ಹರಿಸಿ, ರೋಗಿಯನ್ನು ಗಾಢನಿದ್ರೆಯಲ್ಲಿ ಇಡುತ್ತಾರೆ. ಇದು ೧೯೩೪ರಲ್ಲಿ ಅಮೆರಿಕದಲ್ಲಿ ಅರಿವಳಿಕೆಯಾಗಿ ಮೊದಲು ಬಳಕೆಗೆ ಬಂದ ಮದ್ದು. ಇದರಿಂದ ಮಿದುಳಿನ ಕೆಲಸ ತಗ್ಗುತ್ತದೆ. ಅದಕ್ಕೆ ಬೇಕಾದ ಆಮ್ಲಜನಕವೂ ರಕ್ತವೂ ಕಡಮೆಯಾಗಿ ಒತ್ತಡ ಇಳಿಯುತ್ತದೆ.

ಆದರೆ ಇಲ್ಲೊಂದು ಸೋಜಿಗವುಂಟು. ಮದ್ದು ಹರಿಯತೊಡಗಿದ ಮೇಲೆ ಹಲವರ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಆರೋಗ್ಯವಂತರಲ್ಲಿ ಇದು ಲೀಟರಿಗೆ ಸುಮಾರು ೩.೫ರಿಂದ ೫ ಮಿಲಿಮೋಲ್ ಇರುತ್ತದೆ. ಹೃದಯದ ಬಡಿತ ಕ್ರಮ ತಪ್ಪದಿರಲು ಈ ಮಿತಿ ಅತ್ಯವಶ್ಯಕ. ತೀರ ಇಳಿದರೂ ಅಪಾಯ, ತೀರ ಏರಿದರೂ ಅಪಾಯ.

ಹಾಗಾದರೆ ಇಳಿದ ಪೊಟ್ಯಾಸಿಯಂ ಎಲ್ಲಿ ಹೋಯಿತು? ಅರ್ಥಶಾಸ್ತ್ರ ಓದುವ ಮಿತ್ರರಿಗೆ ಇದು ಬೇಗ ತಿಳಿದೀತು. ಸಂತೆಯಲ್ಲಿ ಬತ್ತ ಕಾಣದಿದ್ದರೆ ಊರಿನಲ್ಲಿ ಬೆಳೆಯೇ ಇಲ್ಲವೆನ್ನಲಾಗದು. ಅದು ಕಣಜಗಳಲ್ಲಿ ಅಡಗಿರಬಹುದು. ಶರೀರದ ಪೊಟ್ಯಾಸಿಯಂನಲ್ಲಿ ನೂರಕ್ಕೆ ೯೮ರಷ್ಟು ಜೀವಕೋಶಗಳೊಳಗೇ ಇರುತ್ತದೆ. ರಕ್ತವೆಂಬ ಸಂತೆಗೆ ಬರುವುದು ಅತ್ಯಲ್ಪ. ಥಯೊಪೆಂಟಾಲ್ ಆ ಅಲ್ಪವನ್ನೂ ಕೋಶಗಳೊಳಕ್ಕೆ ಸರಿಸುತ್ತದೆಂದು ತಜ್ಞರು ಭಾವಿಸುತ್ತಾರೆ.

ಇದನ್ನು ಮರೆತು, ರಕ್ತದ ಅಂಕಿಯೊಂದನ್ನೇ ನಂಬಿ ಪೊಟ್ಯಾಸಿಯಮ್ಮನ್ನು ಧಾರಾಳವಾಗಿ ತುಂಬಿದರೆ ಏನಾಗುತ್ತದೆ? ಮದ್ದನ್ನು ನಿಲ್ಲಿಸಿದಾಗ ಕಣಜದ ಬಾಗಿಲು ತೆರೆಯುತ್ತದೆ. ಅಡಗಿದ್ದುದರೊಡನೆ ಹೊಸದಾಗಿ ತುಂಬಿದ್ದುದೂ ರಕ್ತಕ್ಕೆ ನುಗ್ಗುತ್ತದೆ. ಗಂಡಾಂತರ ಕಳೆಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಹೃದಯವು ಲಯ ತಪ್ಪಿ ನಿಂತುಬಿಡಬಹುದು. ಹೀಗೆ ಪ್ರಾಣಹಾನಿಯಾದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ಆದುದರಿಂದ ಈ ಚಿಕಿತ್ಸೆಯಲ್ಲಿ ರಕ್ತವನ್ನು ಅಡಿಗಡಿಗೆ ಪರೀಕ್ಷಿಸಬೇಕು. ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿದಾಗಲೂ ಹಿತಮಿತವಾಗಿ ಕೊಡಬೇಕು. ಮದ್ದನ್ನು ಥಟ್ಟನೆ ನಿಲ್ಲಿಸದೆ ಕ್ರಮಕ್ರಮವಾಗಿ ತಗ್ಗಿಸಬೇಕು. ನಿಲ್ಲಿಸಿದ ಮೇಲೂ ಹೃದಯದ ಬಡಿತದ ಮೇಲೆ ಕಣ್ಣಿಟ್ಟಿರಬೇಕು. ಒಂದು ವೇಳೆ ಪೊಟ್ಯಾಸಿಯಂ ಏರಿದರೆ, ಹೃದಯವನ್ನು ಕಾಪಾಡಲು ಕ್ಯಾಲ್ಸಿಯಮ್ಮನ್ನೂ, ಪೊಟ್ಯಾಸಿಯಮ್ಮನ್ನು ಮತ್ತೆ ಕೋಶಗಳೊಳಗೆ ಕಳುಹಿಸಲು ಗ್ಲೂಕೋಸಿನೊಡನೆ ಇನ್ಸುಲಿನ್ನನ್ನೂ ಕೊಡುವುದುಂಟು.

ಕೊರತೆ ಕಂಡೊಡನೆ ತುಂಬಲು ಹೊರಡದೆ, ಇದ್ದುದು ಎಲ್ಲಿ ಹೋಯಿತೆಂದು ಮೊದಲು ವಿಚಾರಿಸಬೇಕು. ವೈದ್ಯರು ಕಲಿತ ಈ ಪಾಠ ನಮ್ಮಂಥ ವಿದ್ಯಾರ್ಥಿಗಳಿಗೂ ಒಪ್ಪುವಂಥದು.