ಹೊಸ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಡುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ಬಾಗಲಕೋಟೆಯ ಡಿಟಿಪಿ ಅಂಗಡಿ, ಬಾದಾಮಿಯ ಲಾಡ್ಜ್, ಹುನಗುಂದ ತಾಲೂಕಿನ ಹಳ್ಳಿಯ ಗ್ರಾಮ ಒನ್ ಕೇಂದ್ರ, ಇಳಕಲ್ಲಿನ ಸೀರೆ ಅಂಗಡಿ. ಎಲ್ಲೇ ಆಗಲಿ, ಹಳೆಯ ಕಂಪ್ಯೂಟರ್ ನಿಧಾನವಾದರೆ ಮೊದಲು ಸಿಗುವ ಸಲಹೆ ‘ರ‍್ಯಾಮ್ ಹೆಚ್ಚಿಸಿ’ ಎಂಬುದು. ಸಲಹೆ ಸರಿಯೇ. ಆದರೆ ಹೊಸ ರ‍್ಯಾಮ್ ಹಾಕಿದ ಮರುದಿನದಿಂದಲೇ ನೀಲಿ ಪರದೆ ಬರತೊಡಗಿದರೆ, ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದರೆ? ಆಗ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ‘ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ’ ಮತ್ತು ‘ಹಳೇ ಮಷಿನ್‌ಗೆ ಹೊಸ ರ‍್ಯಾಮ್ ಆಗಿಬರಲ್ಲ, ಹೊಸ ಕಂಪ್ಯೂಟರ್ ತಗೊಳ್ಳಿ’. ಇವು ನಿಜವೇ? ನೋಡೋಣ.

ಚಿಕ್ಕ ಉತ್ತರ

ಎರಡೂ ಅವಸರದ ಮಾತು. ರ‍್ಯಾಮ್ ಬದಲಿಸಿದ ಬೆನ್ನಲ್ಲೇ ತೊಂದರೆ ಶುರುವಾದರೆ ಮೊದಲು ಅನುಮಾನ ಪಡಬೇಕಾದದ್ದು ಆ ರ‍್ಯಾಮ್ ಅನ್ನೇ. ಅದನ್ನು ತೆಗೆದು ನೋಡುವುದಕ್ಕೆ ಖರ್ಚಿಲ್ಲ. ಫಾರ್ಮ್ಯಾಟ್ ಮಾಡಿದರೆ ಮಾತ್ರ ಕಡತಗಳು ಹೋಗುತ್ತವೆ. ರ‍್ಯಾಮ್‌ನ ದೋಷ ಅಲ್ಲೇ ಉಳಿಯುತ್ತದೆ.

ರ‍್ಯಾಮ್‌ನಲ್ಲಿ ಏನಾಗುತ್ತದೆ?

ನಾವು ತೆರೆದಿರುವ ಕಡತ, ನಡೆಯುತ್ತಿರುವ ತಂತ್ರಾಂಶ ಎಲ್ಲವೂ ತಾತ್ಕಾಲಿಕವಾಗಿ ರ‍್ಯಾಮ್‌ನಲ್ಲಿರುತ್ತವೆ. 8 ಜಿಬಿ ರ‍್ಯಾಮ್ ಎಂದರೆ 6,800 ಕೋಟಿಗೂ ಹೆಚ್ಚು ಬಿಟ್‌ಗಳು. ಪ್ರತಿ ಬಿಟ್ ಒಂದು ಪುಟ್ಟ ವಿದ್ಯುತ್ ಶೇಖರಣೆ; 0 ಅಥವಾ 1. ಈ ವಿದ್ಯುತ್ ಬೇಗ ಸೋರಿಹೋಗುವುದರಿಂದ ಸೆಕೆಂಡಿಗೆ ಹಲವಾರು ಬಾರಿ ಅದನ್ನು ಮತ್ತೆ ತುಂಬುತ್ತಲೇ ಇರಬೇಕು. ಇವುಗಳಲ್ಲಿ ಕೆಲವೇ ಬಿಟ್‌ಗಳು ಕೆಟ್ಟರೂ ವಿಂಡೋಸ್ ಗಕ್ಕನೆ ನಿಲ್ಲಬಹುದು.

‘ಒಂದು ತಾಸು ಚೆನ್ನಾಗಿ ನಡೆದು ಆಮೇಲೆ ನಿಲ್ಲುತ್ತದೆಯಲ್ಲ?’ ಎಂದು ಹಲವರು ಕೇಳುತ್ತಾರೆ. ಕೆಟ್ಟ ಜಾಗವನ್ನು ಕಂಪ್ಯೂಟರ್ ಬಳಸುವವರೆಗೆ ತೊಂದರೆ ಕಾಣುವುದಿಲ್ಲ. ದೊಡ್ಡ ಫೋಟೊ ಅಥವಾ ಸೀರೆ ಡಿಸೈನ್ ತೆರೆದಾಗ ಆ ಜಾಗಕ್ಕೂ ಕೆಲಸ ಬೀಳುತ್ತದೆ.

ಅಪಾಯ ಬರೀ ನೀಲಿ ಪರದೆಯಲ್ಲ

ಕಂಪ್ಯೂಟರ್ ನಿಂತರೆ ಕಣ್ಣಿಗೆ ಕಾಣುತ್ತದೆ. ಕಾಣದ ತಪ್ಪು ಇನ್ನೂ ಕೆಟ್ಟದ್ದು. ಪಠ್ಯ ಕಡತದಲ್ಲಿ ‘5’ ಮತ್ತು ‘1’ ಎಂಬ ಅಂಕಿಗಳ ನಡುವೆ ಇರುವ ವ್ಯತ್ಯಾಸ ಒಂದೇ ಬಿಟ್. ಆ ಬಿಟ್ ತಿರುಗಿದರೆ ನೇಕಾರರ ಕೂಲಿ ಪಟ್ಟಿಯಲ್ಲಿ 5,500 ಇದ್ದದ್ದು 1,500 ಆಗಬಹುದು. ನೀವು ಸೇವ್ ಮಾಡಿದರೆ ಆ ತಪ್ಪೇ ಉಳಿಯುತ್ತದೆ. ಆದ್ದರಿಂದ ಅನುಮಾನವಿರುವ ರ‍್ಯಾಮ್ ಇಟ್ಟುಕೊಂಡು ಬ್ಯಾಕಪ್ ತೆಗೆಯುವುದಾಗಲಿ, ವಿಂಡೋಸ್ ಮರುಸ್ಥಾಪಿಸುವುದಾಗಲಿ ಬೇಡ.

ಕಾರಣಗಳೇನು?

• ಸರಿಯಾಗಿ ಕೂರದಿರುವುದು: ರ‍್ಯಾಮ್ ಅರ್ಧ ಕೂತಿರಬಹುದು, ಸ್ಲಾಟ್‌ನಲ್ಲಿ ದೂಳಿರಬಹುದು. ಗ್ರಾನೈಟ್‌ಗೂ ಹೆಸರಾದ ಇಳಕಲ್ ಸುತ್ತಮುತ್ತ ದೂಳಿನ ಬಗ್ಗೆ ಬೇರೆ ಹೇಳಬೇಕಿಲ್ಲ.

• ಹಳೆಯ, ಹೊಸ ರ‍್ಯಾಮ್‌ಗೆ ಹೊಂದಾಣಿಕೆಯಾಗದಿರುವುದು: ವೇಗ ಬೇರೆಯಾಗಿದ್ದರೆ ಸಾಮಾನ್ಯವಾಗಿ ಎರಡೂ ಕಡಿಮೆ ವೇಗದಲ್ಲಿ ನಡೆಯುತ್ತವೆ. ಆದರೆ ಕೆಲವು ಜೋಡಿಗಳು ಸ್ಥಿರವಾಗಿರುವುದಿಲ್ಲ.

• ವೋಲ್ಟೇಜ್: ಡಿಡಿಆರ್3ಗೆ 1.5 ವೋಲ್ಟ್ ಬೇಕು, ಡಿಡಿಆರ್3ಎಲ್‌ಗೆ 1.35 ಸಾಕು. 1.35 ಮಾತ್ರ ಕೊಡುವ ಲ್ಯಾಪ್‌ಟಾಪ್‌ಗೆ ಮಾಮೂಲಿ ಡಿಡಿಆರ್3 ಹೊಂದುವುದಿಲ್ಲ. ಡಿಡಿಆರ್4 ಅಂತೂ ಡಿಡಿಆರ್3 ಸ್ಲಾಟ್‌ಗೆ ಕೂರುವುದೇ ಇಲ್ಲ, ಒತ್ತಿ ತೂರಿಸಬೇಡಿ.

• ರ‍್ಯಾಮೇ ಕೆಟ್ಟಿರುವುದು: ಹೊಸದರಲ್ಲೂ ದೋಷ ಇರಬಹುದು.

ಈ ಕ್ರಮದಲ್ಲಿ ಪರೀಕ್ಷಿಸಿ

1. ಕಂಪ್ಯೂಟರ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ. ಕೈಯಲ್ಲಿನ ಸ್ಥಿರ ವಿದ್ಯುತ್ ಹೋಗಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ.

2. ಹೊಸ ರ‍್ಯಾಮ್ ತೆಗೆದು, ಹಳೆಯದರಲ್ಲೇ ಒಂದೆರಡು ದಿನ ನಡೆಸಿ. ಸರಿಯಾಗಿ ನಡೆದರೆ ಮುಖ್ಯ ಕಡತಗಳ ಬ್ಯಾಕಪ್ ಈಗಲೇ ತೆಗೆದುಕೊಳ್ಳಿ.

3. ಈಗ ಹೊಸದನ್ನು ಮಾತ್ರ, ಹಳೆಯದಿದ್ದ ಸ್ಲಾಟ್‌ನಲ್ಲೇ ಹಾಕಿ. ‘ಟಕ್’ ಎಂದು ಕ್ಲಿಪ್ ಬೀಳುವವರೆಗೆ ಸಮನಾಗಿ ಒತ್ತಿ.

4. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ನಡೆಸಿ. ಇದು ವಿಂಡೋಸ್ ಜೊತೆಗೇ ಬರುತ್ತದೆ. ಇನ್ನೂ ಖಚಿತವಾಗಬೇಕೆಂದರೆ ಪೆನ್‌ಡ್ರೈವ್‌ನಿಂದ ‘ಮೆಮ್‌ಟೆಸ್ಟ್86’ ರಾತ್ರಿಯಿಡೀ ಓಡಿಸಿ.

5. ಬಯಾಸ್‌ನಲ್ಲಿ ‘ಎಕ್ಸ್‌ಎಂಪಿ’ ಆನ್ ಇದ್ದರೆ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ಒಂದೇ ಒಂದು ದೋಷ ಕಂಡರೂ ಬಿಲ್ ತೋರಿಸಿ ರ‍್ಯಾಮ್ ಬದಲಿಸಿಕೊಳ್ಳಿ.

ಹೊಸದು ಒಂಟಿಯಾಗಿ ಸರಿಯಾಗಿ ನಡೆದು, ಎರಡನೇ ಸ್ಲಾಟ್‌ನಲ್ಲಿ ಮಾತ್ರ ಕೈಕೊಟ್ಟರೆ ದೋಷ ಸ್ಲಾಟ್‌ನದು. ಎಲ್ಲಿಟ್ಟರೂ ಒಂಟಿಯಾಗಿ ನಡೆದು, ಜೋಡಿಯಾಗಿ ನಿಂತರೆ ಹೊಂದಾಣಿಕೆಯದು. ಹೊಸದನ್ನು ತೆಗೆದ ಮೇಲೂ ತೊಂದರೆ ನಿಲ್ಲದಿದ್ದರೆ ಆಗ ಪವರ್ ಸಪ್ಲೈ, ಸಡಿಲವಾದ ಕೇಬಲ್, ಡ್ರೈವರ್ ಅಥವಾ ವೈರಸ್ ಕಡೆ ನೋಡಬೇಕು.

ಒಟ್ಟಿನಲ್ಲಿ

‘ರ‍್ಯಾಮ್ ಹಾಕಿದ ಮೇಲೆ ಕೈಕೊಟ್ಟರೆ ಫಾರ್ಮ್ಯಾಟೇ ಪರಿಹಾರ’ ಎಂಬುದು ತಪ್ಪು. ಹಳೆಯ ಕಂಪ್ಯೂಟರ್‌ಗೆ ಹೊಸ ರ‍್ಯಾಮ್ ಆಗಿಬರುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಹೊಂದುವ ರ‍್ಯಾಮ್ ಇರಬೇಕು, ಅಷ್ಟೇ. ಮೊದಲು ತೆಗೆಯಿರಿ, ನಂತರ ಬ್ಯಾಕಪ್, ಆಮೇಲೆ ಪರೀಕ್ಷೆ. ಫಾರ್ಮ್ಯಾಟ್ ಕೊನೆಯ ಮಾತಾಗಿರಲಿ. ಅಂಗಡಿ, ಆಫೀಸಿನ ಲೆಕ್ಕವೆಲ್ಲ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡವರು ನಿಮ್ಮ ಗುಂಪಿನಲ್ಲಿದ್ದರೆ ಇದನ್ನು ಅವರಿಗೂ ಕಳುಹಿಸಿ.